ಬಣ್ಣದ ಕೆಳಗಿನ ‘ಅಲ್ಲ’

ಥಿನ್ನರ್ ವಾಸನೆ!

ಅದು ಮೂಗಿಗೆ ಬಡಿದರೆ ಸಾಕು, ನಾನು ಏಳೆಂಟು ವರ್ಷದ ಹುಡುಗಿಯಾಗಿಬಿಡುತ್ತೇನೆ. ಅಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದರು. ಸಂಜೆ ಅವರ ಅಂಗಿ, ಕೈ, ಉಗುರು ಎಲ್ಲಕ್ಕೂ ಅದೇ ವಾಸನೆ. ಹಿತ್ತಲಲ್ಲಿ ಕೂತು ಅವರ ಬ್ರಷ್ ತೊಳೆಯುವುದು ನನ್ನ ಕೆಲಸ. ಥಿನ್ನರ್ ಬೆರಳಿಗೆ ತಣ್ಣಗೆ ಹತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತಿತ್ತು.

“ಹತ್ರ ಯಾರೂ ಸಿಗರೇಟ್ ಹಚ್ಚದ ಹಾಗೆ ನೋಡ್ಕೋ ಮಗಳೇ. ಗಾಳಿಗೇ ಬೆಂಕಿ ಹತ್ಕೊಳತ್ತೆ” ಎನ್ನುತ್ತಿದ್ದರು ಅಪ್ಪ.

ಒಳ್ಳೆಯ ವಾಸನೆ ಅದು... ತೆರೆದ ಹಿತ್ತಲಿನಲ್ಲಿ.

ಅವತ್ತು ನಾನಿದ್ದದ್ದು ಹಿತ್ತಲಿನಲ್ಲಲ್ಲ. ನೆಲದ ಕೆಳಗೆ!

ನಾಲ್ಕೂ ಕಡೆ ಸಿಮೆಂಟ್ ಗೋಡೆ. ತಲೆಯ ಮೇಲೆ ಕಬ್ಬಿಣದ ಮುಚ್ಚಳ. ಹೊರಗಿನಿಂದ ಚಿಲಕ. ಮುಚ್ಚಳದಲ್ಲಿ ಬೆರಳು ತೂರುವಷ್ಟು ಎರಡು ತೂತು. ಅಲ್ಲಿಂದ ಇಳಿಯುವ ಎರಡು ಎಳೆ ಬಿಸಿಲು. ಅಷ್ಟೇ ಬೆಳಕು, ಅಷ್ಟೇ ಗಾಳಿ. ಯಾವುದೋ ಪೈಪಿನ ಜಾಯಿಂಟಿನಿಂದ ಏನೋ ತೊಟ್ಟಿಕ್ಕುತ್ತಿತ್ತು... ಟಪ್... ಟಪ್... ಒಂದೊಂದು ತೊಟ್ಟಿಗೂ ವಾಸನೆ ದಟ್ಟವಾಗುತ್ತಿತ್ತು.

ಪಕ್ಕದಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತಿದ್ದ.

“ಮೇಡಂ, ಜೇಬಲ್ಲಿ ಬೆಂಕಿಪೊಟ್ಟಣ ಇದೆ. ಗೀರ್ಲಾ? ಬೆಳಕಾಗತ್ತೆ.”

“ಬೆಳಕೇನೋ ಆಗತ್ತೆ. ನೋಡಕ್ಕೆ ನಾವಿಬ್ರೂ ಇರಲ್ಲ. ಒಳಗಿಡು!”

ಇಟ್ಟ.

ಯಾರಿವನು ಅಂತೀರಾ? ಒಂದು ವಿಶ್ವವಿದ್ಯಾಲಯದ ಪೈಪ್ ಫಿಟ್ಟರ್. ಕಾಣೆಯಾಗಿದ್ದವನು. ಅವನನ್ನು ಹುಡುಕಿಕೊಟ್ಟವಳು ನಾನೇ. ನನ್ನ ಕೆಲಸ ನಾನು ಅಚ್ಚುಕಟ್ಟಾಗಿ ಮಾಡಿದ್ದೆ... ಅದಕ್ಕೇ ಈ ಗುಂಡಿಯಲ್ಲಿದ್ದೆ!

ಮೊದಲಿನಿಂದ ಹೇಳುತ್ತೇನೆ, ಕೇಳಿ.

ಪೊಲೀಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಉದ್ಯೋಗ. ಹಿಂದಿನ ದಿನ ರಿಜಿಸ್ಟ್ರಾರ್ ಕರೆಸಿದ್ದರು. ಅವರ ಕೋಣೆ ಥಂಡಿ. ಹಗಲು ಹೊತ್ತಿನಲ್ಲಿ ಪರದೆ ಎಳೆದು ಅಷ್ಟೂ ದೀಪ ಹಾಕಿದ್ದರು. ಗೋಡೆಯ ಮೇಲೆ ‘ವಿದ್ಯುತ್ ಉಳಿಸಿ’ ಎಂಬ ಪೋಸ್ಟರ್. ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ಮೇಜಿನ ಮೇಲೆ ಬಾಟಲಿ ನೀರು.

“ನಮ್ಮ ಫಿಟ್ಟರ್ ಕಾಣಿಸ್ತಾ ಇಲ್ಲ ಮೇಡಂ.” ಬೆಣ್ಣೆಯಂಥ ದನಿ.

“ಪೊಲೀಸರಿಗೆ ಹೇಳಿ.”

“ಹಸಿರು ಕ್ಯಾಂಪಸ್ ಪ್ರಶಸ್ತಿ ಸಮಿತಿ ಬಂದು ಗೆಸ್ಟ್ ಹೌಸಲ್ಲಿ ಕೂತಿದೆ. ಗೇಟಲ್ಲಿ ಪೊಲೀಸ್ ಜೀಪ್ ನಿಂತ್ರೆ ಚೆನ್ನಾಗಿರತ್ತಾ?”

“ನಿಮಗೆ ಮನುಷ್ಯ ಬೇಕೋ, ಅವನು ಒಯ್ದಿರೋದು ಬೇಕೋ?”

ಅವರು ನಕ್ಕರು. “ಜಾಣರು ನೀವು. ವಾಲ್ವ್ ಕೀಲಿ ಬೇಕು.”

ಕಾಂಪೌಂಡಿನ ಆಚೆ ಒಂದು ಬಡಾವಣೆ. ಕ್ಯಾಂಪಸ್ಸಿನ ನೆಲ ಒರೆಸುವವರು, ಅಡುಗೆ ಮಾಡುವವರು, ಬಟ್ಟೆ ಒಗೆಯುವವರು ಎಲ್ಲ ಅಲ್ಲಿಯವರೇ. ಅವರಿಗೆ ಕುಡಿಯುವ ನೀರಿಲ್ಲ. ವಿಶ್ವವಿದ್ಯಾಲಯ ತನ್ನ ಸಾಮಾಜಿಕ ಹೊಣೆಯೆಂದು ಒಂದು ನಲ್ಲಿ ಹಾಕಿಸಿತ್ತು. ಮರುದಿನ ಅದರ ಉದ್ಘಾಟನೆ. ರಿಬ್ಬನ್ ಕತ್ತರಿಸುವುದೆಲ್ಲ ಹಳೆಯದಾಯಿತಲ್ಲ... ಮುಖ್ಯ ಅತಿಥಿ ವೇದಿಕೆಯ ಮೇಲೆ ನಿಂತು ಕೀಲಿ ತಿರುಗಿಸುತ್ತಾರೆ. ಕೆಳಗೆ ವಾಲ್ವ್ ತೆರೆಯುತ್ತದೆ. ನಲ್ಲಿಯಲ್ಲಿ ನೀರು! ಬಡಾವಣೆಯ ಒಂದು ಮಗು ಮೊದಲ ಲೋಟ ಕುಡಿಯುತ್ತದೆ. ಚಪ್ಪಾಳೆ, ಫೋಟೋ.

ಹಳೇ ಕಾಲದ ವಾಲ್ವ್. ಅದಕ್ಕೆ ಹೊಂದುವ ಕೀಲಿ ಅದೊಂದೇ. ತೋಳುದ್ದದ ಕಬ್ಬಿಣದ ಸರಳು, ತುದಿಗೊಂದು ಅಡ್ಡಹಿಡಿ.

“ಇವರು ನಮ್ಮ ಸೆಕ್ಯುರಿಟಿ ಮುಖ್ಯಸ್ಥರು. ನಿಮ್ಮ ಜೊತೆ ಬರ್ತಾರೆ.”

ಬಾಗಿಲ ಬಳಿ ಒಂದು ಮೀಸೆ ನಿಂತಿತ್ತು. ಅದರ ಹಿಂದೆ ಒಬ್ಬ ಮನುಷ್ಯನೂ ಇದ್ದ.

“ಬೇಡ. ನನಗೆ ಇರೋ ನೆರಳೇ ಸಾಕು” ಎಂದೆ.

ಮೀಸೆ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಹಾಸ್ಟೆಲ್ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತೆ. ಯಾಕೆ ಅಲ್ಲೇ? ಅಡಗಿಕೊಂಡವನು ನಿದ್ದೆ ಬಿಟ್ಟಾನು. ಊಟ ಬಿಡಲಾರ.

ಆ ಕ್ಯಾಂಪಸ್ಸಿನಲ್ಲಿ ಡಬ್ಬ, ಬಕೆಟ್ ಎಲ್ಲದಕ್ಕೂ ಸ್ಟಿಕರ್. ‘ಊಟಕ್ಕೆ’ ಅಂತ ಬಿಳಿ ಸ್ಟಿಕರ್. ‘ಗೊಬ್ಬರಕ್ಕೆ’ ಅಂತ ಹಸಿರು ಸ್ಟಿಕರ್. ವಯಸ್ಸಾದ ಅಡುಗೆಯಾಕೆ ಒಬ್ಬರು ಸ್ಟೀಲ್ ಡಬ್ಬ ಹಿಡಿದು ಹೊರಬಂದರು. ಹಸಿರು ಸ್ಟಿಕರ್. ಗಾರ್ಡ್ ಕತ್ತೆತ್ತಿ ಕೂಡ ನೋಡಲಿಲ್ಲ.

ನಾನು ನೋಡಿದೆ. ಡಬ್ಬಕ್ಕೆ ದಪ್ಪ ಟವೆಲ್ ಸುತ್ತಿತ್ತು. ಗಾಳಿ ತಾಗದಂತೆ ಆಕೆ ಅದನ್ನು ಎದೆಗೊತ್ತಿಕೊಂಡಿದ್ದರು. ಕೊಳೆಯಲು ಹೊರಟದ್ದನ್ನು ಯಾರಾದರೂ ಬೆಚ್ಚಗಿಡುತ್ತಾರೆಯೇ, ನೀವೇ ಹೇಳಿ!

ಗೊಬ್ಬರದ ಗುಂಡಿ ಎಡಕ್ಕೆ. ಆಕೆ ಹೋದದ್ದು ಬಲಕ್ಕೆ. ಲೈಬ್ರರಿಯ ಹಿಂದಿನ ಮೆಟ್ಟಿಲ ಬುಡದಲ್ಲಿ ಡಬ್ಬ ಇಟ್ಟರು. ಕಂಬಿಯನ್ನು ಬೆರಳುಗಂಟಿನಿಂದ ಕುಟ್ಟಿದರು. ತಿರುಗಿ ನೋಡದೆ ಹೊರಟುಹೋದರು.

“ಅವರ್ಯಾರು?” ಕಸ ಗುಡಿಸುತ್ತಿದ್ದವಳನ್ನು ಕೇಳಿದೆ.

“ಫಿಟ್ಟರ್‌ ಅತ್ತೆ. ಮಗಳು ಅವನನ್ನ ಕಟ್ಕೊಂಡಾಗಿಂದ ಅಳಿಯನ ಜೊತೆ ಮಾತೇ ಇಲ್ಲ. ಅವನ ಹೆಸರೆತ್ತಿದ್ರೆ ಸೌಟು ಎತ್ತಾರೆ!”

ಮಾತಿಲ್ಲ. ಊಟ ಇದೆ... ಅಂಥ ಜಗಳಗಳನ್ನು ನಾನು ಬಲ್ಲೆ.

ಮೇಲಿನಿಂದ ಒಬ್ಬ ಕಳ್ಳಹೆಜ್ಜೆಯಲ್ಲಿ ಇಳಿದ. ಡಬ್ಬ ಎತ್ತಿಕೊಂಡ. ನನ್ನನ್ನು ಕಂಡ.

ಓಡಿದ!

ಮೆಟ್ಟಿಲು... ಮೆಟ್ಟಿಲು... ಮತ್ತೆ ಮೆಟ್ಟಿಲು! ನನ್ನ ಮೊಣಕಾಲು ನನ್ನ ಇಡೀ ವಂಶವನ್ನು ಬೈಯುತ್ತಿತ್ತು. ಚಾವಣಿ ತುಂಬ ಸೋಲಾರ್ ಫಲಕಗಳ ಸಾಲು. ಅವನು ಬಗ್ಗಿ ಒಂದರ ಕೆಳಗೆ ನುಸುಳಿದ. ನಾನು ಸುತ್ತು ಹಾಕಿದೆ. ಅವನು ಜಾರಿದ, ಎದ್ದ, ಮತ್ತೆ ಓಡಿದ. ಮುಂದೆ ಆಳೆತ್ತರದ ಗೋಡೆ. ಹಾರಿದರೆ ಪಕ್ಕದ ಕಟ್ಟಡ. ಅವನು ನನ್ನ ಕೈ ತಪ್ಪಿದಂತೆಯೇ.

ಆದರೆ ಅವನು ಹತ್ತಲಿಲ್ಲ. ಒಂದು ಕೈಯಲ್ಲಿ ಡಬ್ಬ. ಇನ್ನೊಂದರಲ್ಲಿ ಕಬ್ಬಿಣದ ಕೀಲಿ. ಎರಡರಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯದೆ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ.

ಅವನ ತುಟಿ ನೋಡಿದೆ. ಸುಲಿದಿತ್ತು. ಬಾಯಿಯ ಮೂಲೆಯಲ್ಲಿ ಬೊಬ್ಬೆ.

“ಕೀಲಿ ಕೊಡು.”

“ಕೊಡಲ್ಲ. ಬೇಕಾದ್ರೆ ಕೆಳಗೆ ತಳ್ಳಿಬಿಡಿ!”

“ನಿಲ್ಲಕ್ಕೇ ಶಕ್ತಿ ಇಲ್ಲ, ತಳ್ಳೋದೆಲ್ಲಿ ಬಂತು. ಬಾಯಿಗೇನಾಯ್ತು?”

ಅವನ ಕಣ್ಣು ತುಂಬಿತು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವೇನೋ.

“ಹೊಸ ನಲ್ಲಿ ನೀರು ಮೇಡಂ. ಜೋಡಿಸಿದ ಮೇಲೆ ನಾನೇ ಮೊದ್ಲು ಕುಡಿದು ನೋಡಿದೆ. ಬಾಯೆಲ್ಲ ಬೆಂಕಿ! ವಾಂತಿ. ಮೀಸೆ ಸಾಹೇಬ್ರಿಗೆ ಹೇಳ್ದೆ. ಬಾಯಿ ಮುಚ್ಕೊಂಡಿರು, ಜೋಡಿಸಿದೋನು ನೀನು, ಜೈಲಿಗೂ ನೀನೇ ಅಂದ್ರು. ಕೀಲಿ ಇಲ್ದಿದ್ರೆ ಯಾರೂ ತೆಗೆಯಕ್ಕಾಗಲ್ಲ ಅಂತ...”

“ತಪ್ಪು ಪೈಪಿಗೆ ಜೋಡಿಸಿದ್ಯಾ?”

“ಇಲ್ಲ! ಅಕ್ಷರ ನೋಡೇ ಜೋಡಿಸಿದ್ದು. ಮೊದ್ಲು ಒಂದೊಂದು ಪೈಪ್ ಮೇಲೂ ಅದು ಯಾತಕ್ಕೆ ಅಂತ ಬರೆದಿತ್ತು. ಸಮಿತಿ ಬರತ್ತೆ ಅಂತ ಇವರು ಎಲ್ಲಾ ಪೈಪಿಗೂ ಹಸಿರು ಬಣ್ಣ ಬಳಿಸಿಬಿಟ್ರು!”

“ಪೈಪಿಗೆ?”

“ಪೈಪಿಗೆ, ಪಂಪಿಗೆ, ಕಸದ ಬುಟ್ಟಿಗೆ. ಹಸಿರು ಕ್ಯಾಂಪಸ್ ಅಲ್ವಾ ಮೇಡಂ.”

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

“ಬ್ಲೇಡಲ್ಲಿ ಒಂಚೂರು ಕೆರೆದು ನೋಡ್ದೆ. ‘ಕುಡಿಯಲು’ ಅಂತ ಕಾಣಿಸ್ತು. ಅದಕ್ಕೇ ಜೋಡಿಸ್ದೆ. ತಾಯಾಣೆ ಮೇಡಂ!”

ಹಿಂದಿನಿಂದ ಚಪ್ಪಾಳೆ!

“ಶಹಬ್ಬಾಸ್ ಮೇಡಂ! ನೆರಳು ಸಾಕು ಅಂದ್ರಲ್ಲ... ಆ ನೆರಳು ನಾನೇ.”

ಮೀಸೆ. ಜೊತೆಗೆ ಇಬ್ಬರು ಗಾರ್ಡ್‌ಗಳು, ಕೈಯಲ್ಲಿ ಲಾಠಿ. ಕೀಲಿ ಕಿತ್ತುಕೊಂಡರು. ನನ್ನ ಮೊಬೈಲನ್ನೂ.

ವೇದಿಕೆಯ ಹಿಂದೆ, ಬಟ್ಟೆಯ ಪರದೆಯ ಮರೆಯಲ್ಲಿ ರಿಜಿಸ್ಟ್ರಾರ್ ಕಾಯುತ್ತಿದ್ದರು. ಕಾಲಬಳಿ ವಾಲ್ವ್ ಗುಂಡಿಯ ತೆರೆದ ಬಾಯಿ. ಫಿಟ್ಟರ್ ಎಲ್ಲ ಹೇಳಿದ. ಅವರು ತಲೆದೂಗುತ್ತ ಕೇಳಿದರು. ಒಳ್ಳೆಯ ಮೇಷ್ಟ್ರು ಕೇಳುವ ಹಾಗೆ.

“ಯಾವ ಜಾಯಿಂಟು ಅಂತ ಇಳಿದು ತೋರ್ಸಪ್ಪ. ಮೇಡಂ, ನೀವೂ ನೋಡಿ. ಸಾಕ್ಷಿ ಬೇಕಲ್ಲ.”

ನಂಬಿದೆ! ಅಷ್ಟು ವರ್ಷ ಖಾಕಿ ಹಾಕಿದವಳು, ಒಂದು ಬೆಣ್ಣೆಯ ದನಿಯನ್ನು ನಂಬಿ ಏಣಿ ಇಳಿದೆ.

ಏಣಿ ಮೇಲೆ ಹೋಯಿತು.

ಮುಚ್ಚಳ ಬಿತ್ತು. ಧಡ್!

ತೂತಿನತ್ತ ಮುಖವೆತ್ತಿ ಅರಚಿದೆ. “ಇಲ್ಲಿ ಗಾಳಿ ಇಲ್ಲ!”

“ಎರಡು ತೂತಿದೆಯಲ್ಲ ಮೇಡಂ. ಕಾರ್ಯಕ್ರಮ ಮುಗೀಲಿ, ನಾನೇ ಬಂದು ತೆಗೀತೀನಿ.”

“ಮಗು ಕುಡಿಯೋ ನೀರು ಸ್ವಾಮಿ ಅದು!”

“ಒಂದು ಗುಟುಕು. ಫೋಟೋಗೆ. ಆಮೇಲೆ ‘ದುರಸ್ತಿ’ ಅಂತ ಬೋರ್ಡ್ ಹಾಕಿಸ್ತೀನಿ. ನಾನೇನು ರಾಕ್ಷಸನಾ?”

“ಆ ಪೈಪಲ್ಲಿ ಬರ್ತಿರೋದೇನು? ನಿಮ್ಮ ಲ್ಯಾಬಿನ ಕೊಳೆನೀರಾ?”

“ಏನೂ ಇಲ್ಲ. ನಮ್ಮದು ತ್ಯಾಜ್ಯವೇ ಇಲ್ಲದ ಕ್ಯಾಂಪಸ್. ಕಾಗದದಲ್ಲಿ ಹಾಗೇ ಇದೆ.”

ಹೆಜ್ಜೆ ಸಪ್ಪಳ ದೂರವಾಯಿತು. ಆಮೇಲೆ ಮುಚ್ಚಳದ ಪಕ್ಕದಲ್ಲೇ ಒಂದು ಯಂತ್ರ ಗುಡುಗತೊಡಗಿತು. ಜನರೇಟರ್! ಚಾವಣಿ ತುಂಬ ಸೋಲಾರ್... ಮೈಕಿಗೆ ಡೀಸೆಲ್!

ಇನ್ನು ನಾವು ಅರಚಿದರೆ ನಮಗೂ ಕೇಳಿಸುವುದಿಲ್ಲ.

ಹೀಗೆ ನಾನು ಅಲ್ಲಿದ್ದೆ.

ತಲೆ ಸಿಡಿಯುತ್ತಿತ್ತು. ಬಾಯಲ್ಲಿ ಸಿಹಿಸಿಹಿ ರುಚಿ. ಸುಮ್ಮಸುಮ್ಮನೆ ನಗಬೇಕು ಅನ್ನಿಸುತ್ತಿತ್ತು. ಥಿನ್ನರ್ ತಲೆಗೇರಿದರೆ ಹಾಗೇ. ನಗು ಬಂದರೆ ಕೂಡಲೇ ಹಿತ್ತಲು ಬಿಟ್ಟು ಎದ್ದು ಹೋಗು ಎಂದಿದ್ದರು ಅಪ್ಪ.

ಎಲ್ಲಿಗೆ ಹೋಗಲಿ ಅಪ್ಪಾ?

“ತೂತಿನ ಕೆಳಗೆ ಬಂದು ನಿಂತ್ಕೋ. ಸರದಿ ಮೇಲೆ ಉಸಿರಾಡೋಣ. ಪೈಪ್ ತೋರ್ಸು” ಎಂದೆ.

ಮೂರು ಪೈಪು. ಮೂರೂ ಹಸಿರು. ಹೊಸ ಬಣ್ಣದ ಹೊಳಪು. ನಡುವಿನದಕ್ಕೆ ಅವನು ಹೊಸ ಲೈನ್ ಜೋಡಿಸಿದ್ದ. ತೊಟ್ಟಿಕ್ಕುತ್ತಿದ್ದದ್ದೂ ಅದೇ ಜಾಯಿಂಟು. ಪಕ್ಕದಲ್ಲಿ ಅವನು ಬ್ಲೇಡಿನಿಂದ ಕೆರೆದ ಜಾಗ. ಬಿಸಿಲಿನ ಎಳೆ ಅಲ್ಲಿಗೆ ಅರೆಬರೆ ತಲುಪುತ್ತಿತ್ತು. ಕಪ್ಪು ಅಕ್ಷರ.

ಕುಡಿಯಲು.

“ನೋಡಿ ಮೇಡಂ! ನಾನು ಸುಳ್ಳು ಹೇಳಿದ್ನಾ?”

ಸುಳ್ಳು ಹೇಳಿರಲಿಲ್ಲ. ಆದರೆ ನಾನು ಬೋರ್ಡ್ ಬರೆಯುವವನ ಮಗಳು. ನನ್ನ ಕಣ್ಣಿಗೆ ಏನೋ ಚುಚ್ಚಿತು.

ಅಪ್ಪ ಬರೆಯುವ ಮುಂಚೆ ದಾರ ಹಿಡಿದು ಎರಡೂ ಕೊನೆಗಳಿಂದ ಅಳೆಯುತ್ತಿದ್ದರು. ಅಕ್ಷರಗಳು ಸರಿಯಾಗಿ ನಡುವೆ ಕೂರಬೇಕು. ಒಂದು ಕಡೆ ಜಾಗ ಉಳಿದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಲ್ಲಿ ಎರಡು ಕ್ಲಾಂಪುಗಳ ನಡುವೆ ಬರೆದಿದ್ದರು. ಎಡಗಡೆ ಸ್ವಲ್ಪವೇ ಜಾಗ. ಬಲಗಡೆ ಒಂದು ಗೇಣು ಖಾಲಿ.

ಯಾವ ಪೇಂಟರೂ ಅಷ್ಟು ಜಾಗ ಸುಮ್ಮನೆ ಬಿಡುವುದಿಲ್ಲ.

ಕರ್ಚೀಫ್ ತೆಗೆದೆ. ತೊಟ್ಟಿನ ಕೆಳಗೆ ಹಿಡಿದೆ. ತಣ್ಣಗೆ ನೆನೆಯಿತು. ಬೆರಳು ಉರಿಯಿತು. ಬಲಗಡೆಯ ಹಸಿರಿನ ಮೇಲಿಟ್ಟು ಒರೆಸಿದೆ. ಹೊಸ ಬಣ್ಣ ಬೇಗ ಸೋತು ಸುಕ್ಕಾಯಿತು. ಕರ್ಚೀಫಿಗೆ ಹಸಿರು ಹತ್ತಿತು. ಮತ್ತೆ ನೆನೆಸಿದೆ, ಮತ್ತೆ ಒರೆಸಿದೆ. ಆ ಲ್ಯಾಬಿನ ವಿಷವೇ ಆ ಬಣ್ಣವನ್ನು ತಿನ್ನುತ್ತಿತ್ತು!

ಮೊದಲು ಒಂದು ‘ಅ’ ಕಂಡಿತು.

ಆಮೇಲೆ ‘ಲ್ಲ’.

ಕುಡಿಯಲು ಅಲ್ಲ.

ಫಿಟ್ಟರ್ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿದ.

“ಇನ್ನೊಂಚೂರು... ಇನ್ನೊಂಚೂರು ಕೆರೆದಿದ್ರೆ ಆಗ್ತಿತ್ತು ಮೇಡಂ. ಬೇಗ ಮುಗ್ಸು ಅಂತ ಮೀಸೆ ಸಾಹೇಬ್ರು ಮೇಲೆ ನಿಂತು ಕೂಗ್ತಾ ಇದ್ರು. ‘ಕುಡಿಯಲು’ ಅಂತ ಸಿಕ್ತಲ್ಲ, ಸಾಕು ಅಂತ...”

ನಮ್ಮ ಭಾಷೆಯೇ ಹಾಗೆ. ಆಸೆಯನ್ನೆಲ್ಲ ಮುಂದೆ ಹೇಳಿ ‘ಅಲ್ಲ’ವನ್ನು ಕೊನೆಗೆ ಇಡುತ್ತದೆ. ಅವಸರದವರು ಅಲ್ಲಿಯವರೆಗೆ ಕಾಯುವುದಿಲ್ಲ.

“ಇದನ್ನ ಮುಚ್ಚಕ್ಕೆ ಚಕ್ರ ಇರಬೇಕಲ್ಲ?”

“ಇತ್ತು. ಪೇಂಟಿಗೆ ಅಡ್ಡ ಅಂತ ಬಿಚ್ಕೊಂಡು ಹೋದೋರು ವಾಪಸ್ ಹಾಕೇ ಇಲ್ಲ.”

ಮೇಲೆ ಮೈಕು ಕೆಮ್ಮಿತು. ಜನರೇಟರಿನ ಗುಡುಗನ್ನೂ ಸೀಳಿಕೊಂಡು ರಿಜಿಸ್ಟ್ರಾರರ ದನಿ, ನಮ್ಮ ನೆತ್ತಿಯ ಮೇಲೇ!

“...ಭೂಮಿ ನಮಗೆ ಸಾಲ ಅಲ್ಲ, ಜವಾಬ್ದಾರಿ... ಮೊದಲ ಲೋಟ ನೀರು ಕುಡಿಯೋ ಪುಟಾಣಿಯನ್ನ ಬಡಾವಣೆ ಶಾಲೆಯವರು ಚೀಟಿ ಎತ್ತಿ ಆರಿಸಿದ್ದಾರೆ. ನಮ್ಮದೇ ಪೈಪ್ ಫಿಟ್ಟರ್‌ ಮಗಳು! ಅಪ್ಪನಿಗೆ ಹುಷಾರಿಲ್ಲ, ಪಾಪ. ಅಜ್ಜಿ ಕರ್ಕೊಂಡು ಬಂದಿದ್ದಾರೆ. ಬಾ ಪುಟ್ಟೀ!”

ಫಿಟ್ಟರ್ ಎದ್ದ. ಅವನ ಮುಖ ನಾನು ಮರೆಯುವುದಿಲ್ಲ.

ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ತುಂಡು ಎತ್ತಿದ. ಮುಚ್ಚಳಕ್ಕೆ ಬೀಸಲು ಕೈ ಎತ್ತಿದ!

ಅವನ ರಟ್ಟೆಗೆ ಜೋತುಬಿದ್ದೆ. “ಬೇಡ! ಕಿಡಿ ಹಾರತ್ತೆ!”

“ನನ್ ಮಗಳು ಮೇಡಂ!”

“ಅವಳು ನಿಂತಿರೋದು ನಮ್ಮ ತಲೆ ಮೇಲೆ! ಇಲ್ಲಿ ಕಿಡಿ ಬಿದ್ರೆ ಮೊದ್ಲು ಹಾರೋದು ಯಾರು?”

ಅವನ ಕೈ ಕೆಳಗಿಳಿಯಿತು. ಕಬ್ಬಿಣದ ತುಂಡನ್ನು ಮೊಟ್ಟೆ ಇಡುವಂತೆ ನೆಲಕ್ಕಿಟ್ಟ.

ಬಡಿಯುವಂತಿಲ್ಲ. ಕೂಗಿದರೆ ಕೇಳದು. ದೀಪ ಹಚ್ಚುವಂತಿಲ್ಲ. ಉಸಿರಾಡಿದರೆ ವಿಷ. ಇಷ್ಟು ಚೊಕ್ಕವಾಗಿ ಯಾರೂ ನನ್ನನ್ನು ಅಲ್ಲಿಯವರೆಗೆ ಕಟ್ಟಿಹಾಕಿರಲಿಲ್ಲ.

ತಲೆ ಎತ್ತಿ ನೋಡಿದೆ. ಚಪ್ಪಡಿಯ ತೂತಿನಿಂದ ಒಂದು ದಪ್ಪ ಸರಳು ಇಳಿದು ವಾಲ್ವ್ ಸೇರುತ್ತಿತ್ತು. ಮೇಲೆ ಕೀಲಿ ಹಾಕಿ ತಿರುಗಿಸಿದರೆ ಈ ಸರಳು ತಿರುಗಬೇಕು. ಸರಳಿನ ನಡುವೆ ಒಂದು ಬೋಲ್ಟ್ ಹೊರಚಾಚಿತ್ತು. ಪಕ್ಕದ ಗೋಡೆಗೆ ಕಬ್ಬಿಣದ ಬ್ರಾಕೆಟ್.

“ಆ ಬೋಲ್ಟಿಗೂ ಬ್ರಾಕೆಟ್ಟಿಗೂ ಮಧ್ಯ ಏನಾದ್ರೂ ಸಿಕ್ಕಿಸಿದ್ರೆ?”

ಅವನ ಕಣ್ಣು ಹೊಳೆಯಿತು. “ತಿರುಗಲ್ಲ! ಆದ್ರೆ ಏನ್ ಸಿಕ್ಕಿಸೋದು?”

ಇಬ್ಬರೂ ಒಟ್ಟಿಗೇ ನೆಲ ನೋಡಿದೆವು. ಟವೆಲ್ ಸುತ್ತಿದ ಡಬ್ಬ. ಅಷ್ಟೆಲ್ಲ ಆದರೂ ಅವನು ಅದನ್ನು ಬಿಟ್ಟಿರಲಿಲ್ಲ.

ಡಬ್ಬದ ಮುಚ್ಚಳ ತೆಗೆದು ನೋಡಿದೆ. ಹಾಲು ಹಾಕಿ ಮೆತ್ತಗೆ ಹಿಸುಕಿದ ಅನ್ನ. ಖಾರವಿಲ್ಲ, ಉಪ್ಪಿನ ಹರಳೂ ಇದ್ದಂತಿರಲಿಲ್ಲ.

“ಬಾಯಿ ಸುಟ್ಟಿದ್ದು ಅತ್ತೆಗೆ ಹೇಳಿದ್ಯಾ?”

“ಮಾತೇ ಆಡಲ್ಲ, ಹೇಳೋದೆಲ್ಲಿ! ಮೊದ್ಲನೇ ದಿನ ಖಾರದ ಪಲ್ಯ ಇತ್ತು. ತಿನ್ನಕ್ಕಾಗ್ದೆ ಹಾಗೇ ವಾಪಸ್ ಇಟ್ಟೆ. ಮಾರನೇ ದಿನದಿಂದ ಹೀಗೆ ಬರ್ತಾ ಇದೆ.”

ಆ ಸ್ಥಿತಿಯಲ್ಲೂ ತೋಳಿನಿಂದ ಕಣ್ಣೊರೆಸಿಕೊಂಡೆ. ಥಿನ್ನರ್ ಇರಬೇಕು.

“ಖಾಲಿ ಮಾಡ್ಲಾ?” ಎಂದ.

“ಬೇಡ. ತುಂಬಿರೋ ಡಬ್ಬ ಬೇಗ ಮಡಚ್ಕೊಳಲ್ಲ. ಟವೆಲ್ ಸುತ್ತು, ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು.”

ಡಬ್ಬವನ್ನು ಬೋಲ್ಟಿನ ಸಂದಿಗೆ ತುರುಕಿದೆವು. ಅಷ್ಟರಲ್ಲಿ ಮೇಲೆ ಚಪ್ಪಾಳೆ. ಸರಳು ನಡುಗಿತು.

ಕೀಲಿ ಕೂತಿತು!

ಮುಖ್ಯ ಅತಿಥಿ ತಿರುಗಿಸಿದರು. ಬೋಲ್ಟ್ ಬಂದು ಡಬ್ಬಕ್ಕೆ ಒತ್ತಿತು. ನಿಂತಿತು. ಇನ್ನೊಮ್ಮೆ. ನಿಂತಿತು.

“ಸ್ವಲ್ಪ ಬಿಗಿಯಾಗಿದೆ...” ಮೈಕಿನಲ್ಲಿ ನಗು. ಜನರ ನಗು.

“ಒಂದ್ನಿಮಿಷ ಸರ್, ನಾನ್ ನೋಡ್ತೀನಿ.”

ಮೀಸೆ!

ಸರಳು ನರಳಿತು. ಡಬ್ಬ ಚಪ್ಪಟೆಯಾಗತೊಡಗಿತು. ಟವೆಲಿನ ಸಂದಿಯಿಂದ ಹಾಲು ಒಸರಿತು. ಪೈಪಿನೊಳಗೆ ಏನೋ ಹಿಸ್ಸೆಂದಿತು. ಫಿಟ್ಟರ್ ಭುಜ ಕೊಟ್ಟ. ನಾನು ಅವನ ಬೆನ್ನಿಗೆ ಬೆನ್ನು ಕೊಟ್ಟು ಎದುರು ಗೋಡೆಗೆ ಕಾಲೊತ್ತಿದೆ. ಮೊಣಕಾಲೇ, ಇವತ್ತೊಂದು ದಿನ! ಮೇಲೆ ಒಬ್ಬ ಗೂಳಿ, ಕೆಳಗೆ ಒಬ್ಬ ಅಪ್ಪ. ನಡುವೆ ಒಂದು ಡಬ್ಬ ಅನ್ನ.

ಡಬ್ಬ ತಗಡಾಯಿತು. ಸಂದಿಯಲ್ಲಿ ಮಡಚಿ ಬಿಗಿಯಾಗಿ ಕೂತಿತು.

ಬಿಡಲಿಲ್ಲ!

“ಆಗ್ತಿಲ್ಲ ಸರ್...” ಮೀಸೆಯ ದನಿ ಏದುತ್ತಿತ್ತು.

ಮೈಕಿನ ಹತ್ತಿರ ಒಬ್ಬ ಹೆಂಗಸಿನ ದನಿ. ವಯಸ್ಸಾದದ್ದು, ನಿಧಾನದ್ದು. “ಏನೂ ಕೇಳಿಸ್ತಾ ಇಲ್ಲ. ಆ ಜನರೇಟರ್ ಆಫ್ ಮಾಡಿ ಮೊದಲು. ಅಲ್ಲಾ ರಿಜಿಸ್ಟ್ರಾರೇ, ಹಸಿರು ಪ್ರಶಸ್ತಿ ಕಾರ್ಯಕ್ರಮಕ್ಕೆ ಡೀಸೆಲ್ಲಾ?”

ಗುಡುಗು ನಿಂತಿತು.

ನಿಶ್ಶಬ್ದ!

ನಾನು ಶೂ ಬಿಚ್ಚಿದೆ. ರಬ್ಬರ್ ಹಿಮ್ಮಡಿ, ಕಿಡಿಯ ಭಯವಿಲ್ಲ. ಫಿಟ್ಟರ್ ನನ್ನನ್ನು ಹೆಗಲಿಗೆ ಎತ್ತಿಕೊಂಡ. ಬಡಿದೆ. ಧಬ್! ಧಬ್! ಧಬ್!

“ಅದೇನು ಸದ್ದು?”

“ಅದು... ಮೇಡಂ, ಕೆಳಗೆ ಕೆಸರಿದೆ.”

“ಕೆಸರು ಬಾಗಿಲು ಬಡಿಯತ್ತಾ? ಮುಚ್ಚಳ ತೆಗೆಸಿ.”

“ಈಗ ಬೇಡ ಮೇಡಂ, ವಾಸನೆ...”

“ವಾಲ್ವ್ ಕೆಟ್ಟಿದೆ ಅಂದ್ರೆ ಕೆಳಗೆ ನೋಡಬೇಕಲ್ಲ! ಫಿಟ್ಟರನ್ನ ಕರೀರಿ.”

“ಅವನಿಗೆ ಹುಷಾರಿಲ್ಲ...”

“ಇಲ್ಲೇ ಇದೀನಿ!” ಫಿಟ್ಟರ್ ಕೂಗಿದ. ಗಂಟಲು ಹರಿಯುವಂತೆ. “ಪುಟ್ಟೀ! ನೀರು ಕುಡೀಬೇಡ!”

“ಅಪ್ಪಾ?” ಚಿಕ್ಕದೊಂದು ದನಿ.

ಮುಚ್ಚಳ ತೆಗೆದದ್ದು ಯಾರು ಗೊತ್ತಾ? ಗಾರ್ಡ್‌ಗಳಲ್ಲ. ಪರದೆ ಸರಿಸಿ ಬಂದ ಒಂದು ಜೊತೆ ಸುಕ್ಕುಗಟ್ಟಿದ ಕೈ. ಅಳಿಯನ ಹೆಸರೆತ್ತಿದರೆ ಸೌಟು ಎತ್ತುವ ಕೈ. ಚಿಲಕ ಎಳೆದವು. ನಾಲ್ಕೈದು ಜನ ಬಡಾವಣೆಯವರು ಜೊತೆಗೂಡಿದರು.

ಬೆಳಕು! ಗಾಳಿ!

ಏಣಿ ಇಳಿಯಿತು. ನಾನು ಮೇಲೆ ಬಂದು ನೆಲದ ಮೇಲೆ ಮಲಗಿಬಿಟ್ಟೆ. ಆಕಾಶ ತಿರುಗುತ್ತಿತ್ತು. ಯಾರೂ ಬೆಂಕಿ ಹಚ್ಚಬೇಡಿ ಎಂದು ಮಾತ್ರ ಹೇಳಿದ ನೆನಪು.

ಜನರೇಟರ್ ಆಫ್ ಮಾಡಿಸಿದ್ದ ದನಿ ಪ್ರಶಸ್ತಿ ಸಮಿತಿಯ ಕನ್ನಡಕದ ಹೆಂಗಸೊಬ್ಬರದು. ಅವರು ಗುಂಡಿಯ ಅಂಚಿನಲ್ಲಿ ಕೂತು, ಪಕ್ಕದವನ ಕೈಯಿಂದ ಕನ್ನಡಿಯೊಂದನ್ನು ಇಸಿದುಕೊಂಡು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಜೋರಾಗಿ ಓದಿದರು.

“ಕುಡಿಯಲು... ಅಲ್ಲ.”

ಮೈಕ್ ಆನ್ ಇರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

“ಈ ಅಕ್ಷರದ ಮೇಲೆ ಬಣ್ಣ ಹಚ್ಚಿಸಿದ್ದು ಯಾರು?”

“ನಮ್ಮ ವಿಶ್ವವಿದ್ಯಾಲಯದ್ದೇ ಹಸಿರು ಕ್ಯಾಂಪಸ್ ಸಮಿತಿ ಮೇಡಂ.” ರಿಜಿಸ್ಟ್ರಾರರ ದನಿಯಲ್ಲಿ ಬೆಣ್ಣೆ ಕರಗಿಹೋಗಿತ್ತು.

“ಅದರ ಅಧ್ಯಕ್ಷರು?”

ಅವರು ಹಿಂದೆ ನೋಡಿದರು. ಪರದೆಯ ತುಂಬ ಬಡಾವಣೆಯ ಜನ. ಮುಂದೆ ನೋಡಿದರು. ತೆರೆದ ಗುಂಡಿ. ಎಡಕ್ಕೂ ಬಲಕ್ಕೂ ಕ್ಯಾಮೆರಾ. ಅಷ್ಟು ದೊಡ್ಡ ಬಯಲಿನಲ್ಲಿ ನಿಲ್ಲಲು ಅವರಿಗೆ ಜಾಗವಿರಲಿಲ್ಲ.

ಮೀಸೆ ಮಾತ್ರ ಓಡಿದ. ಅಡುಗೆಯಾಕೆ ಮೊಮ್ಮಗಳನ್ನು ಕಂಕುಳಿಗೆ ಎತ್ತಿಕೊಂಡು ನಿಂತಿದ್ದರು. ಸುಮ್ಮನೆ ಒಂದು ಕಾಲು ಚಾಚಿದರು. ಅಷ್ಟೇ. ಮೀಸೆ ಮಣ್ಣು ಮುಕ್ಕಿತು! ಅದರ ಜೇಬಿನಿಂದ ನನ್ನ ಮೊಬೈಲ್ ಉರುಳಿಬಿತ್ತು.

ಗೇಟಿನಲ್ಲಿ ಪೊಲೀಸ್ ಜೀಪ್ ನಿಂತಿತು. ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

ಫಿಟ್ಟರ್ ತಾನೇ ಹೋಗಿ ಇನ್ಸ್‌ಪೆಕ್ಟರ್ ಮುಂದೆ ನಿಂತ. “ಜೋಡಿಸಿದ್ದು ನಾನೇ ಸಾರ್. ಪೂರ್ತಿ ಓದಲಿಲ್ಲ.” ಮಗಳು ಅವನ ಕಾಲಿಗೆ ಬಳ್ಳಿಯಂತೆ ಸುತ್ತಿಕೊಂಡಿದ್ದಳು. ಇನ್ಸ್‌ಪೆಕ್ಟರ್ ಹಿಂದೊಮ್ಮೆ ನನ್ನ ಕೈಕೆಳಗೆ ಕೆಲಸ ಮಾಡಿದವನು. ಬರೆದುಕೊಳ್ಳುವ ಮುಂಚೆ ಆ ಮಗುವಿಗೆ ತನ್ನ ಕುರ್ಚಿ ಎಳೆದು ಕೊಟ್ಟ. ಹುಡುಗ ಚೆನ್ನಾಗಿ ಕಲಿತಿದ್ದಾನೆ ಅಂದುಕೊಂಡೆ.

“ಅತ್ತೆ... ಡಬ್ಬ ಹಾಳಾಯ್ತು.” ಫಿಟ್ಟರ್ ತಲೆ ತಗ್ಗಿಸಿ ಹೇಳಿದ.

ಆಕೆ ಹೊಸ ಡಬ್ಬವೊಂದನ್ನು ಅವನ ಕೈಗಿಟ್ಟು ತಿರುಗಿ ನಡೆದರು. ಮಾತು ಇನ್ನೂ ಇರಲಿಲ್ಲ. ಅಂಥ ಜಗಳಗಳು ಒಂದೇ ದಿನಕ್ಕೆ ಮುಗಿದುಬಿಟ್ಟರೆ ಅವಕ್ಕೆ ಮರ್ಯಾದೆ ಎಲ್ಲಿ!

ನಾನು ಮರದ ಬುಡದಲ್ಲಿ ಕೂತಿದ್ದೆ. ಒಂದು ಕಾಲಿಗೆ ಶೂ ಇಲ್ಲ. ಬೆರಳೆಲ್ಲ ಹಸಿರು. ವಾಕರಿಕೆ ಆಗಷ್ಟೇ ನಿಂತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಆಗ ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಒಂದು ನೆರಳು ಬಂದು ನಿಂತಿತು. ಆಕೆ. ಬಗ್ಗಿ, ಟವೆಲ್ ಸುತ್ತಿದ ಇನ್ನೊಂದು ಡಬ್ಬವನ್ನು ನನ್ನ ಮಡಿಲಿಗಿಟ್ಟರು. ನನ್ನ ಶೂವನ್ನೂ ಪಕ್ಕದಲ್ಲಿಟ್ಟರು. ಹೋದರು.

ಡಬ್ಬ ಬೆಚ್ಚಗಿತ್ತು. ಮೇಲೆ ಹಸಿರು ಸ್ಟಿಕರ್. ‘ಗೊಬ್ಬರಕ್ಕೆ’.

ಆ ವಿಶ್ವವಿದ್ಯಾಲಯದಲ್ಲಿ ಮೇಲೆ ಬರೆದದ್ದನ್ನು ನಂಬುವುದನ್ನು ಅಷ್ಟು ಹೊತ್ತಿಗೆ ಬಿಟ್ಟಿದ್ದೆ... ಕೂತು ಉಂಡೆ.